ಖಾಲಿ ಟ್ಯಾಂಕರಿನ ಕಾಗದ

ಕಡಲೂರು
2-2-2003

ಚಿ. ನಯನಳಿಗೆ,

ಮಗಳಿಗೆ ಆಶೀರ್ವಾದ ಮಾಡದೆ ಕಾಗದ ಶುರು ಮಾಡಬಾರದಂತೆ, ಅದಕ್ಕೇ ಮಾಡಿದ್ದೇನೆ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿಯೇ ಇರುತ್ತೀ. ಹೆತ್ತ ಅಪ್ಪನನ್ನು ಮಧ್ಯಾಹ್ನವಿಡೀ ಗೇಟಿನ ಮುಂದೆ ನಿಲ್ಲಿಸಿದವಳಿಗೆ ಏನಾಗಿರುತ್ತದೆ?

ಫೋನ್ ಮಾಡೋಣ ಅಂದುಕೊಂಡೆ. ಆದರೆ ಆ ಕಡೆಯಿಂದ ನೀನು 'ಅಪ್ಪಾ' ಅಂದ ಕೂಡಲೇ ನನ್ನ ಕೋಪ ಇಳಿದುಹೋಗುತ್ತದೆ. ಈ ಸಲ ಇಳಿಯಬಾರದು ಅಂತಲೇ ಕಾಗದ ಬರೆಯುತ್ತಿದ್ದೇನೆ.

ಇಪ್ಪತ್ತು ವರ್ಷದಿಂದ ಟ್ಯಾಂಕರ್ ಓಡಿಸುತ್ತಿದ್ದೇನೆ. ಇಲ್ಲಿ ಕಾಸ್ಟಿಕ್ ತುಂಬಿಕೊಳ್ಳುವುದು, ನೀನು ಕೆಲಸಕ್ಕಿರುವ ಬಿಡದಿಯಂಥ ಕಡೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಇಳಿಸುವುದು, ಖಾಲಿ ಗಾಡಿ ತಿರುಗಿಸಿಕೊಂಡು ಬರುವುದು. ತುಂಬಿದ ಗಾಡಿಗೆ ಕಾಗದ ಬೇಕು, ಒಪ್ಪುತ್ತೇನೆ. ನೀರಿನ ಹಾಗೆ ಕಂಡರೂ ಮುಟ್ಟಿದರೆ ಚರ್ಮ ಸುಡುವ ಸಾಮಾನು ಅದು. ಆದರೆ ಖಾಲಿ ಗಾಡಿಗೂ ಕಾಗದ ಬೇಕು ಅಂತ ಅಡ್ಡ ನಿಂತವಳನ್ನು ನಾನು ಕಂಡದ್ದು ಇದೇ ಮೊದಲು. ಅದೂ ನನ್ನ ಮನೆಯಲ್ಲೇ ಹುಟ್ಟಿದವಳು! ಹಿಂದೆ ನಿಂತಿದ್ದ ಲಾರಿಯವರೆಲ್ಲ ಬೀಡಿ ಹಚ್ಚಿಕೊಂಡು ತಮಾಷೆ ನೋಡಿದರು.

ಹನುಮಂತಯ್ಯಣ್ಣನ ಮನೆಯ ಹರಿಸೇವೆ ನಿನಗೆ ಗೊತ್ತಿಲ್ಲದ್ದೇನಲ್ಲ. ನಿನಗೆ ದೊಡ್ಡಪ್ಪನಾಗಬೇಕು. ಊರಿಗೆಲ್ಲ ಊಟ, ಸುತ್ತಲ ಹಳ್ಳಿಯ ದಾಸಯ್ಯಗಳೆಲ್ಲ ಬರುವವರು. ಊರ ಬೋರಿನ ಮೋಟಾರು ಸುಟ್ಟು ಕೂತಿತ್ತು. ನಾನು ಮಾತು ಕೊಟ್ಟಿದ್ದೆ. "ಯೋಚ್ನೆ ಬುಡಣ್ಣ. ಬಿಡದೀಲಿ ಖಾಲಿ ಮಾಡ್ಕಂಡು, ಟ್ಯಾಂಕ್ ತೊಳ್ದು, ಕನಕಪುರದಿಂದ ನೀರು ತುಂಬ್ಕಂಡ್ ಬತ್ತೀನಿ" ಅಂದಿದ್ದೆ. ಕುಡಿಯುವುದಕ್ಕಲ್ಲ ತಾಯಿ, ಪಾತ್ರೆ ಬೆಳಗುವುದಕ್ಕೆ, ಉಂಡವರು ಕೈ ತೊಳೆಯುವುದಕ್ಕೆ.

ನೀನು ಏನು ಬರೆದೆ? 'ಒಳಗೆ ಕಾಸ್ಟಿಕ್ ಉಳಿಕೆ ಇದೆ. ಬೇರೆ ಏನನ್ನೂ ತುಂಬಬಾರದು. ನೇರವಾಗಿ ಕಡಲೂರಿಗೆ.' ಕೆಳಗೆ ನಿನ್ನ ಸಹಿ, ಕಾರ್ಖಾನೆಯ ಫೋನ್ ನಂಬರು. ನಾನು ಬಿಚ್ಚಿಟ್ಟಿದ್ದ ಅಪಾಯದ ಬೋರ್ಡನ್ನು ನೀನು ಮತ್ತೆ ಕಟ್ಟಿಸಿದೆ. ಕಾಗದ ಹಿಡಿಯುವ ತನಕ ಗೇಟ್ ಪಾಸ್ ಕೊಡುವುದಿಲ್ಲ ಅಂದೆ.

ಹಾರೋಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಕನಕಪುರ, ಅದರಾಚೆ ನಮ್ಮ ದೊಡ್ಡಆಲಹಳ್ಳಿ. ಸ್ಟೇರಿಂಗು ತಾನಾಗಿಯೇ ಬಲಕ್ಕೆ ಎಳೆಯುತ್ತಿತ್ತು. ಆದರೆ ಜೇಬಿನಲ್ಲಿ ನಿನ್ನ ಸಹಿ ಇತ್ತಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ ನಿನ್ನ ಹೆಸರು ಬರುತ್ತದೆ. ಹಲ್ಲು ಕಚ್ಚಿಕೊಂಡು ನೇರ ಹೋದೆ.

ಊರಲ್ಲಿ ಎತ್ತಿನ ಗಾಡಿಗೆ ಡ್ರಮ್ಮು ಕಟ್ಟಿ ನೀರು ಹೊಡೆದರಂತೆ. ಒಂದು ಪಂಕ್ತಿಯವರು ಎಂಜಲು ಕೈ ಹಿಡಿದುಕೊಂಡು ಕಾದು ಕೂತಿದ್ದರಂತೆ. ಹನುಮಂತಯ್ಯಣ್ಣ ಅಷ್ಟು ಜನರ ಮುಂದೆ ನಿಮ್ಮವ್ವನಿಗೆ, "ನಿನ್ ಗಂಡ ಮಗಳಿಗೆ ಹೆದ್ರಿ ಓಡೋದ ಕಣಮ್ಮ. ಓದ್ಸಿದ್ದುಕ್ಕೆ ಒಳ್ಳೆ ಬಹುಮಾನ ಕೊಟ್ಲು" ಅಂದನಂತೆ. ಆ ಮಾತು ನನಗೆ ಇಲ್ಲಿ ಅನ್ನ ಇಳಿಯದ ಹಾಗೆ ಮಾಡಿದೆ.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಉತ್ತರ ಬರೆ. ಟ್ಯಾಂಕು ನಿನ್ನದಲ್ಲ. ಕಾಸ್ಟಿಕ್ ನಿನ್ನದಲ್ಲ. ಓಡಿಸುವವನು ನಾನು. ನಿನಗ್ಯಾಕೆ ಬೇಕಿತ್ತು ಆ ಹೊಣೆ?

ಕೋಪ ಇನ್ನೂ ಇಳಿಯದ,
ನಿನ್ನ ಅಪ್ಪ
ಕೆಂಪಯ್ಯ


ರಾಮನಗರ
23-2-2003

ಅಪ್ಪನಿಗೆ ನಮಸ್ಕಾರ.

ನಿನ್ನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದು ತಪ್ಪು. ಕ್ಷಮಿಸು. ಕಾಗದ ಬರೆದದ್ದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಇಷ್ಟು ದಿನ ಉತ್ತರ ಬರೆದು ಬರೆದು ಹರಿದುಹಾಕಿದೆ. ಪ್ರತಿ ಸಲವೂ ಕ್ಷಮೆಯ ಮಾತು ಎರಡು ಸಾಲು, ವಾದ ಎರಡು ಪುಟ ಆಗುತ್ತಿತ್ತು.

ಆವತ್ತು ಬೆಳಿಗ್ಗೆ ಚಳಿ ಇತ್ತು, ನೆನಪಿದೆಯಾ? ನೀನು ಟೀ ಕುಡಿಯಲು ಹೋದಾಗ ನಿನ್ನ ಕ್ಲೀನರ್ ಚೆಲುವಯ್ಯ ಮಾವನ ಕೈಲಿ ಟ್ಯಾಂಕಿನ ಮೇಲಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ನೋಡಿದೆ. (ನಿನಗಿಂತ ವಯಸ್ಸಾದವರನ್ನು ಕ್ಲೀನರ್ ಮಾಡಿಕೊಂಡಿದ್ದೀಯಲ್ಲ, ಅವರಿಗೆ ಏಣಿ ಹತ್ತುವಾಗ ಮಂಡಿ ನೋಯುತ್ತದೆ.) ತಳದಲ್ಲಿ ಬೆಳ್ಳಗೆ, ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ, ಕಾಸ್ಟಿಕ್ ಹೆಪ್ಪುಗಟ್ಟಿ ಕೂತಿತ್ತು. ಪಂಪು ಅದನ್ನು ಎಳೆದೇ ಇರಲಿಲ್ಲ. ನೀನು ಎಷ್ಟು ನೀರು ಎರಚಿ ತೊಳೆದಿದ್ದರೂ ಅದು ಪೂರ್ತಿ ಹೋಗುತ್ತಿರಲಿಲ್ಲ. ಊರಿಗೆ ಹೋಗುವ ದಾರಿಯಲ್ಲಿ ನಿಧಾನವಾಗಿ ಕರಗುತ್ತಿತ್ತು. ಎಂಜಲು ಕೈ ಒಣಗಿದರೆ ಆಮೇಲೆ ತೊಳೆಯಬಹುದು ಅಪ್ಪ. ಸುಟ್ಟ ಕೈಯನ್ನು ಏನು ಮಾಡುತ್ತಿದ್ದೆವು?

ಇನ್ನು ನಿನ್ನ ಪ್ರಶ್ನೆ. ಅದನ್ನು ನಾನೂ ಎಲ್ಲರನ್ನೂ ಕೇಳಿ ನೋಡಿದೆ. ಟ್ಯಾಂಕಿನ ಒಡೆಯರು ಫೋನಿನಲ್ಲಿ, "ಖಾಲಿ ಮಾಡಿದವರು ನೀವು, ನೀವೇ ನೋಡಿಕೊಳ್ಳಿ" ಅಂದರು. ನಮ್ಮ ಮ್ಯಾನೇಜರ್ ಮುನಿಶಾಮಯ್ಯನವರು, "ಟ್ಯಾಂಕ್ ಅವರ್ದು, ಅವರೇ ನೋಡ್ಕಳ್ಳಿ" ಅಂದರು. ನಿಮ್ಮ ಡ್ರೈವರುಗಳು, "ನಾವ್ ಬರೀ ಓಡ್ಸೋರು" ಅಂದರು. ಹೀಗೆ ಯಾರದ್ದೂ ಅಲ್ಲದ ಟ್ಯಾಂಕರು ದಿನಾ ರಸ್ತೆಯ ಮೇಲೆ ಓಡಾಡುತ್ತಿದೆ.

ಆಗ ನನಗೆ ಅವ್ವ ನೆನಪಾದಳು. ನಮ್ಮ ಮನೆಗೆ ಯಾರಾದರೂ ಪಾತ್ರೆಯಲ್ಲಿ ಏನಾದರೂ ಕಳಿಸಿದರೆ ಅವ್ವ ಅದನ್ನು ಬರಿದಾಗಿ ವಾಪಸ್ ಕಳಿಸಿದ್ದುಂಟಾ? ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಹಾಕುತ್ತಾಳೆ. ನಾನು ಚಿಕ್ಕವಳಿದ್ದಾಗ ಒಂದು ಸಲ ದೊಡ್ಡಪ್ಪನ ಮನೆಯ ತಪ್ಪಲೆಯನ್ನು ಒಳಗೆ ನೋಡದೆ ಎತ್ತಿಕೊಂಡು ಓಡಿದೆ. ಬಾಗಿಲಿನಿಂದ ವಾಪಸ್ ಕರೆದು ತಲೆಯ ಮೇಲೆ ಮೊಟಕಿದಳು. "ಪಾತ್ರೆ ಯಾರ್ದಾದ್ರೂ ಆಗ್ಲಿ, ನಮ್ ಹೊಸ್ಲು ದಾಟುದ್ ಮ್ಯಾಕೆ ಅದ್ರೊಳಗೇನೈತೋ ಅದು ನಮ್ದು. ಬೆಲ್ಲ ಇದ್ರೂ ನಮ್ದು, ಹಲ್ಲಿ ಬಿದ್ದಿದ್ರೂ ನಮ್ದು" ಅಂದಳು.

ನಾನು ಗೇಟಿನಲ್ಲಿ ಮಾಡಿದ್ದು ಅಷ್ಟೇ. ತುಂಬಿದ ಟ್ಯಾಂಕರನ್ನು ಕಳಿಸುವವರು ಕಡಲೂರಿನವರು, ಆ ಕಾಗದ ಅವರದ್ದು. ಖಾಲಿ ಮಾಡಿ ವಾಪಸ್ ಕಳಿಸುವವರು ನಾವು, ಈ ಕಾಗದ ನಮ್ಮದು. ನಿಯಮದ ಪುಸ್ತಕದಲ್ಲೂ ಇದೇ ಇದೆ, ಅವ್ವ ಹೇಳಿದ್ದಕ್ಕಿಂತ ಸ್ವಲ್ಪ ಉದ್ದವಾಗಿ.

ಮುನಿಶಾಮಯ್ಯನವರಿಗೆ ಇದು ಹಿಡಿಸಿಲ್ಲ. ಈ ಸುರಕ್ಷತೆಯ ಕೆಲಸಕ್ಕೆ ನಾನು ಸೇರಿ ಆಗಸ್ಟಿಗೆ ವರ್ಷ ತುಂಬುತ್ತದೆ. ಖಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ಆಗ ತೀರ್ಮಾನ. "ಒಂದೊಂದ್ ಖಾಲಿ ಗಾಡಿಗೂ ಪುರಾಣ ಬರೀತಾ ಕೂತ್ರೆ ನಿನ್ನ ಹೆಂಗಮ್ಮ ಖಾಯಂ ಮಾಡೋದು?" ಅಂದರು. ಒಳ್ಳೆಯವರೇ. ಆದರೆ ಗೇಟಿನಲ್ಲಿ ಗಾಡಿ ನಿಂತರೆ ಕೈಗಡಿಯಾರ ನೋಡುತ್ತಾ ಅತ್ತಿಂದಿತ್ತ ಓಡಾಡಲು ಶುರುಮಾಡುತ್ತಾರೆ.

ಅರ್ಧ ತಪ್ಪು ಮಾತ್ರ ಒಪ್ಪಿಕೊಂಡಿರುವ,
ನಯನ


ಕಡಲೂರು
14-3-2003

ನಯನಳಿಗೆ,

ಕಾರ್ಡಿನಲ್ಲಿ ಜಾಗ ಕಮ್ಮಿ, ಅದಕ್ಕೇ ಬೈಗುಳ ಬಿಟ್ಟಿದ್ದೇನೆ. ಹೆಪ್ಪುಗಟ್ಟಿದ ಮಾತು ಚೆಲುವಯ್ಯನೂ ಹೇಳಿದ. ಮೊದಲೇ ಯಾಕೆ ಬೊಗಳಲಿಲ್ಲ ಅಂದರೆ, "ನೀನ್ ಕೇಳೋ ಮೂಡ್ನಲ್ಲಿದ್ಯಾ?" ಅಂದ.

ಹೋದ ಸಲ ನೀನು ಕೊಟ್ಟ ಕಾಗದವನ್ನು ಮಡಚಿ ಕ್ಯಾಬಿನ್ನಿನ ಕಿಟಕಿ ಗಾಜಿನ ಸಂದಿಗೆ ಸಿಕ್ಕಿಸಿದೆ. ಗಾಜು ಗಡಗಡ ಅನ್ನುವುದು ನಿಂತಿತು. ಒಂದು ಉಪಯೋಗವಂತೂ ಆಯಿತು. ಸಲಕ್ಕೊಂದು ಕೊಡುತ್ತಾ ಇರು.

ಅಪ್ಪ


ರಾಮನಗರ
11-4-2003

ಅಪ್ಪನಿಗೆ ನಮಸ್ಕಾರ.

ಯುಗಾದಿಗೆ ಊರಿಗೆ ಹೋಗಿದ್ದೆ. ನೀನು ಲೋಡ್ ಇದೆ ಅಂತ ಬರಲಿಲ್ಲ. ಲೋಡ್ ಇತ್ತೋ ಹನುಮಂತಯ್ಯ ದೊಡ್ಡಪ್ಪನ ಮುಖ ನೋಡಲು ನಾಚಿಕೆಯೋ, ಅವ್ವ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ವಿಷಯ ಹೇಳಬೇಕು. ಟ್ಯಾಂಕಿನ ತಳದಲ್ಲಿ ಕಂಡದ್ದನ್ನು ನಾನು ಅವ್ವನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ಎದ್ದು ಕುರಿಗಳಿಗೆ ಸೊಪ್ಪು ಹಾಕಿ ಬಂದಳು. ಮರುದಿನ ಬೋರಿನ ಹತ್ತಿರ ದೊಡ್ಡಪ್ಪ ಸಿಕ್ಕಾಗ ಕೊಡ ಕೆಳಗಿಟ್ಟು, "ಬಾವ, ನನ್ ಮಗಳು ನಿಮ್ ನೀರ್ ನಿಲ್ಲಿಸ್ನಿಲ್ಲ. ನಿಮ್ ಪಂಕ್ತೀಲಿ ಕೂತೋರ್ ಕೈ ಉಳ್ಸವ್ಳೆ. ಒಸಿ ಯೋಚ್ನೆ ಮಾಡಿ ಮಾತಾಡಿ" ಅಂದಳಂತೆ. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದನಂತೆ. ಅವ್ವನಿಗೆ ಇಷ್ಟು ಬಾಯಿ ಇದೆ ಅಂತ ನಿನಗೆ ಗೊತ್ತಿತ್ತಾ?

ಇಲ್ಲಿ ನಿಮ್ಮ ಯಾರ್ಡಿನ ಡ್ರೈವರುಗಳು ನನ್ನ ಕಾಗದಕ್ಕೆ 'ನಯನ ಚೀಟಿ' ಅಂತ ಹೆಸರಿಟ್ಟಿದ್ದಾರೆ. ಟೀ ಅಂಗಡಿಗೆ ಹೋದರೆ ಅದರಲ್ಲೇ ಬನ್ ಸುತ್ತಿಕೊಳ್ಳುತ್ತಾರೆ. ಸಿಟ್ಟು ಬರುವುದಿಲ್ಲ, ಬೇಸರವಾಗುತ್ತದೆ. ಇಂಗ್ಲಿಷಿನ ಕೆಳಗೆ ಕನ್ನಡದಲ್ಲಿ, ಅದರ ಕೆಳಗೆ ಯಾರನ್ನೋ ಕೇಳಿ ತಮಿಳಿನಲ್ಲಿ ಬರೆಯುತ್ತೇನೆ. ಯಾರಾದರೂ ಓದಲಿ ಅಂತ ತಾನೇ? ಮುನಿಶಾಮಯ್ಯನವರು ಹೋದ ವಾರ ಲಿಖಿತ ಎಚ್ಚರಿಕೆ ಕೊಟ್ಟರು. ಇನ್ನೊಂದು ಗಾಡಿ ತಡವಾದರೆ ಖಾಯಂ ಮಾತೇ ಇಲ್ಲವಂತೆ. ನಾನು ಈಗ ಗಾಡಿ ಇಳಿಸುವಾಗಲೇ ಕಾಗದ ಬರೆದು ಮುಗಿಸುತ್ತೇನೆ, ತಡವೇ ಆಗುವುದಿಲ್ಲ. ಆದರೂ ಹೆಸರು ಕೆಟ್ಟುಹೋಗಿದೆ.

ನೀನು ಹಿರಿಯ ಡ್ರೈವರ್. ನೀನು ಒಂದು ಮಾತು ಹೇಳಿದರೆ ಉಳಿದವರು ಕೇಳುತ್ತಾರೆ. ಹೇಳು ಅಂತ ಬಲವಂತ ಮಾಡುವುದಿಲ್ಲ.

ನಿನ್ನ ಮಗಳು,
ನಯನ


ಕಡಲೂರು
22-6-2003

ಚಿ. ನಯನಳಿಗೆ ಅಪ್ಪನ ಆಶೀರ್ವಾದ, ಈ ಸಲ ಮನಸಾರೆ.

ಚೆಲುವಯ್ಯನ ಕಾಲು ಉಳಿಯಿತು. ಮೊದಲು ಅದನ್ನೇ ಬರೆದೆ, ಇಲ್ಲದಿದ್ದರೆ ನೀನು ಅದಕ್ಕಾಗಿ ಕಾಗದದ ಕೊನೆಗೆ ಹಾರುತ್ತೀ. ಚರ್ಮ ಸುಲಿದಿದೆ, ಕುಂಟುತ್ತಾನೆ. ಆದರೆ ವಾಸಿಯಾಗುತ್ತದೆ ಅಂದಿದ್ದಾರೆ ಡಾಕ್ಟರು. "ತಕ್ಷಣ ನೀರು ಬಿಟ್ಟು ತೊಳೆದವರು ಯಾರು? ಅವರೇ ಕಾಲು ಉಳಿಸಿದ್ದು" ಅಂದರು. ನಾನು ತೊಳೆದೆ ಅಂದೆ. ಆಮೇಲೆ, ನನ್ನ ಮಗಳು ತೊಳೆಸಿದಳು ಅಂತ ತಿದ್ದಿದೆ.

ನೀನು ಜೀಪಿನಲ್ಲಿ ಬರುವ ಹೊತ್ತಿಗೆ ಅರ್ಧ ಕಥೆ ಮುಗಿದಿತ್ತು. ಆ ಗದ್ದಲದಲ್ಲಿ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ.

ನಿಮ್ಮಲ್ಲಿ ಇಳಿಸಿ ಹೊರಟಿದ್ದೆ. ಹಾರೋಹಳ್ಳಿ ಇನ್ನೂ ಸ್ವಲ್ಪ ದೂರವಿತ್ತು. ತಿರುವಿನಲ್ಲಿ ಹಿಂದಿನಿಂದ ಮಾವಿನಹಣ್ಣು ತುಂಬಿದ ಟ್ರ್ಯಾಕ್ಟರು ಬಂದು ಗುದ್ದಿತು. ಅದರ ಟ್ರೈಲರು ಮಗುಚಿಕೊಂಡಿತು, ನನ್ನ ಟ್ಯಾಂಕಿನ ಹಿಂದಿನ ವಾಲ್ವ್ ಮುರಿಯಿತು. ರಸ್ತೆ ತುಂಬ ಮಾವಿನಹಣ್ಣು. ಹಣ್ಣಿನ ಕೆಳಗೆ ಸದ್ದಿಲ್ಲದೆ ಹರಿಯುತ್ತಿರುವ ಕಾಸ್ಟಿಕ್. ಮಾವು ಬಿದ್ದರೆ ನಮ್ಮ ಜನ ಬಿಡುತ್ತಾರಾ? ತೋಟದಿಂದ, ಹೊಲದಿಂದ ಹೆಂಗಸರು ಸೆರಗು ಒಡ್ಡಿಕೊಂಡು ಓಡಿ ಬಂದರು. ಹೆಚ್ಚಿನವರು ಬರಿಗಾಲಿನಲ್ಲಿದ್ದರು.

ಅಲ್ಲೇ ಇದ್ದ ಒಬ್ಬ ಪೊಲೀಸಿನವನು ಬಂದು, "ಟ್ಯಾಂಕರ್ನಲ್ಲಿ ಏನೈತೆ?" ಅಂದ. ನಾನು, "ಖಾಲಿ ಸಾರ್" ಅಂದೆ. ಇಪ್ಪತ್ತು ವರ್ಷದ ಅಭ್ಯಾಸ, ನಾಲಿಗೆ ತಾನಾಗಿ ಅಂದುಬಿಟ್ಟಿತು. ಅವನು ಜನರ ಕಡೆ ತಿರುಗಿ, "ಖಾಲಿಯಂತೆ, ಹೆದ್ರಬ್ಯಾಡಿ, ಬೇಗ್ ಬೇಗ ಆಯ್ಕಂಡು ರೋಡ್ ಬುಡಿ" ಅಂದ.

ಅಷ್ಟರಲ್ಲಿ ಚೆಲುವಯ್ಯ ಕೂಗಿದ. ವಾಲ್ವ್ ನೋಡಲು ಹೋದವನ ರಬ್ಬರ್ ಚಪ್ಪಲಿ ಜಾರಿ ಪಾದ ಅದರಲ್ಲೇ ಮುಳುಗಿತ್ತು. ಆ ಕೂಗು ಕೇಳಿ ನನ್ನ ತಲೆ ಖಾಲಿಯಾಯಿತು. ಏನು ಮಾಡಬೇಕು ಅಂತ ಒಂದೂ ತೋಚಲಿಲ್ಲ ಕಂದ. ಆಮೇಲೆ ಕಿಟಕಿಯ ಗಾಜು ನೆನಪಾಯಿತು.

ನಿನ್ನ ಚೀಟಿ ಕಿತ್ತುಕೊಂಡು, ಸ್ಕೂಲಿನಲ್ಲಿ ಪದ್ಯ ಓದುತ್ತಿದ್ದ ಹಾಗೆ ಗಟ್ಟಿಯಾಗಿ ಓದಿದೆ. 'ಮುಟ್ಟಿದರೆ ಸುಡುತ್ತದೆ. ಜನರನ್ನು ದೂರ ಇಡಿ. ಮೈಗೆ ತಗಲಿದರೆ ಬಟ್ಟೆ, ಚಪ್ಪಲಿ ತೆಗೆದು, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಬೇರೆ ಏನನ್ನೂ ಹಚ್ಚಬೇಡಿ. ಈ ನಂಬರಿಗೆ ಫೋನ್ ಮಾಡಿ.' ಹೆಂಗಸರು ಹಣ್ಣು ಚೆಲ್ಲಿ ಹಿಂದಕ್ಕೆ ಓಡಿದರು. ಪೊಲೀಸಿನವನು ಚೀಟಿ ಕಿತ್ತುಕೊಂಡು ಫೋನಿಗೆ ಓಡಿದ. ನಾನು ಚೆಲುವಯ್ಯನನ್ನು ಹೆಗಲಿಗೆ ಹಾಕಿಕೊಂಡು ಪಕ್ಕದ ತೋಟದ ಪಂಪ್‌ಸೆಟ್ಟಿಗೆ ಓಡಿದೆ. ಆ ಹೊತ್ತಿಗೆ ಕರೆಂಟ್ ಇತ್ತು, ಕಬ್ಬಾಳಮ್ಮನ ದಯೆ. ಒಬ್ಬ ಯಜಮಾನ, "ಹುಣಸೆಹಣ್ಣು ಕಿವುಚಿ ಹಚ್ಚಪ್ಪ, ಸರಿಹೋಯ್ತದೆ" ಅಂದ. "ಬ್ಯಾಡ ಅಂತ ನನ್ ಮಗಳು ಬರ್ದವ್ಳೆ" ಅಂದೆ. ಅವನಿಗೆ ಏನು ಅರ್ಥವಾಯಿತೋ, ಬಂದು ನೀರಿನ ಪೈಪು ಹಿಡಿದುಕೊಂಡ.

ಮುಂದಿನದು ನಿನಗೆ ಗೊತ್ತಿದೆ. ಆದರೆ ನಾನು ಕಂಡದ್ದು ನಿನಗೆ ಗೊತ್ತಿಲ್ಲ. ನಾನು ಪಂಪ್‌ಸೆಟ್ಟಿನ ತೊಟ್ಟಿಯ ಕಟ್ಟೆಯ ಮೇಲೆ ಚೆಲುವಯ್ಯನ ಕಾಲು ಹಿಡಿದು ಕೂತಿದ್ದೆ. ಬೆಂಕಿ ಆರಿಸುವವರ ಗಾಡಿ ಬಂತು, ನಿಮ್ಮ ಜೀಪು ಬಂತು. ನೀನು ಇಳಿದು ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು, ಅಷ್ಟು ಜನ ಗಂಡಸರಿಗೆ ಹಗ್ಗ ಎಲ್ಲಿ ಕಟ್ಟಬೇಕು, ಮಣ್ಣು ಎಲ್ಲಿ ಸುರಿಯಬೇಕು ಅಂತ ಹೇಳಿದೆ. ಇನ್ಸ್‌ಪೆಕ್ಟರ್ ಬಂದು, "ಇದಕ್ಕೆ ಯಾರ್ರೀ ಜವಾಬ್ದಾರಿ?" ಅಂದ. ಮುನಿಶಾಮಯ್ಯನವರು ಟ್ಯಾಂಕಿನ ಮೇಲೆ ಬರೆದಿದ್ದ ಒಡೆಯರ ಹೆಸರು ನೋಡಿದರು. ಟ್ರ್ಯಾಕ್ಟರಿನವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

ನೀನು, "ಕಳ್ಸಿದ್ದು ನಾವೇ ಸಾರ್. ಸೈನ್ ನಂದು" ಅಂದೆ.

ಧ್ವನಿ ಸ್ವಲ್ಪವೂ ನಡುಗಲಿಲ್ಲ. ನನಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಎದೆ ಉಬ್ಬಿತು. ಊರಲ್ಲಿ ಎಷ್ಟೋ ಪಂಚಾಯಿತಿ ನೋಡಿದ್ದೇನೆ, ದೊಡ್ಡ ದೊಡ್ಡ ಮೀಸೆಯವರು 'ನನ್ನದು' ಅನ್ನಬೇಕಾದ ಕಡೆ ಬಾಯಿ ಹೊಲಿದುಕೊಂಡು ಕೂತದ್ದು ಕಂಡಿದ್ದೇನೆ. ನಿನಗ್ಯಾಕೆ ಬೇಕಿತ್ತು ಆ ಹೊಣೆ ಅಂತ ಕೇಳಿದ್ದೆನಲ್ಲ, ಆ ಪ್ರಶ್ನೆ ವಾಪಸ್ ತಗೊಂಡಿದ್ದೇನೆ.

ಈಗ ಕಿಟಕಿ ಗಾಜಿಗೆ ರಟ್ಟು ಸಿಕ್ಕಿಸಿದ್ದೇನೆ. ಚೀಟಿಗೆ ಬೇರೆ ಜಾಗ ಮಾಡಿದ್ದೇನೆ, ದೇವರ ಫೋಟೋದ ಪಕ್ಕ.

ನಿನ್ನ ಅಪ್ಪ,
ಕೆಂಪಯ್ಯ


ರಾಮನಗರ
3-8-2003

ಅಪ್ಪನಿಗೆ ನಮಸ್ಕಾರ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಉತ್ತರ ಬರೆಯಲು ಕೂತಾಗಲೆಲ್ಲ ಸಂತೋಷದ ಸುದ್ದಿಯೊಂದು ಸೇರಿಸೋಣ ಅಂತ ಕಾದೆ. ಅದು ಬರಲಿಲ್ಲ.

ಬೆಂಗಳೂರಿನಿಂದ ಕಾರ್ಖಾನೆಯ ದೊಡ್ಡ ಸಾಹೇಬರು ಬಂದಿದ್ದರು. ಪೊಲೀಸರ ಮುಂದೆ 'ನಾವೇ' ಅಂತ ಯಾಕೆ ಹೇಳಿದೆ, ಸುಮ್ಮನಿದ್ದಿದ್ದರೆ ಟ್ಯಾಂಕಿನ ಒಡೆಯರ ಮೇಲೆ ಹೋಗುತ್ತಿತ್ತಲ್ಲ ಅಂದರು. ಸುಮ್ಮನಿದ್ದಿದ್ದರೆ ಡ್ರೈವರ್ ಮೇಲೆ ಹೋಗುತ್ತಿತ್ತು ಸಾರ್ ಅಂದೆ. "ಡ್ರೈವರ್ ನಿನ್ನ ತಂದೆ, ಅದಕ್ಕೆ ಹಾಗೆ ಹೇಳುತ್ತೀ" ಅಂದರು. ಅಪ್ಪ, ಆ ಮಾತಿಗೆ ಮಾತ್ರ ನನಗೆ ಅಳು ಬಂತು. ಜನವರಿಯಲ್ಲಿ ನಿನ್ನನ್ನು ಗೇಟಿನಲ್ಲಿ ನಿಲ್ಲಿಸಿದಾಗ ನೀನು ಯಾರ ತಂದೆಯಾಗಿದ್ದೆ?

ತೀರ್ಮಾನ ಆಗುವ ತನಕ ಮನೆಯಲ್ಲಿರು ಅಂದಿದ್ದಾರೆ. ನನ್ನ ಜಾಗದಲ್ಲಿ ಹೊಸಬನೊಬ್ಬ ಕೂತಿದ್ದಾನೆ. ಗಾಡಿಗಳು ಬಂದಷ್ಟೇ ಬೇಗ ಹೋಗುತ್ತಿವೆಯಂತೆ, ಕಾಗದವಿಲ್ಲದೆ.

ಬಾಡಿಗೆ ರೂಮಿನಲ್ಲಿ ಒಬ್ಬಳೇ ಕೂರಲು ಆಗುವುದಿಲ್ಲ. ಮನೆಯೊಡತಿ ಹಮೀದಾ ಅಮ್ಮನ ಜೊತೆ ಅಂಗಳದಲ್ಲಿ ರೇಷ್ಮೆಗೂಡು ಆರಿಸುತ್ತೇನೆ. "ಚೆನ್ನಾಗಿರೋದು ಒಂದ್ ಕಡೆ, ಕೆಟ್ಟಿದ್ದು ಒಂದ್ ಕಡೆ ಹಾಕು ಬೇಟಾ. ಸೇರಿಸ್ಬುಟ್ರೆ ನೂಲೆಲ್ಲ ಹಾಳು" ಅನ್ನುತ್ತಾರೆ. ಅವರು ಗೂಡಿನ ಮಾತೇ ಆಡುತ್ತಾರೆ, ನಾನು ಬೇರೆ ಏನೋ ಕೇಳಿಸಿಕೊಳ್ಳುತ್ತೇನೆ.

ಹೆದರಿಕೆ ಆಗುತ್ತದೆ ಅಪ್ಪ. ಈ ಕೆಲಸ ಹೋದರೆ ಇನ್ನೊಂದು ಸಿಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಈ ಕೆಲಸವನ್ನು ನಾನು ಇಷ್ಟಪಟ್ಟಿದ್ದೆ. ಇನ್ನೊಂದು ಸಲ ಕೇಳಿದರೂ ಅದೇ ಉತ್ತರ ಹೇಳುತ್ತೇನೆ, ಅದು ಬೇರೆ ಮಾತು.

ಅವ್ವ ಊರಿನಿಂದ ಕಜ್ಜಾಯ ಕಳಿಸಿದ್ದಳು. ನಿಮ್ಮ ಯಾರ್ಡಿನ ಡ್ರೈವರ್ ಕೈಲಿ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟಿದ್ದೇನೆ. ಚೆಲುವಯ್ಯ ಮಾವನಿಗೂ ಕೊಡು. ಡಬ್ಬಿ ಅವ್ವನದು, ವಾಪಸ್ ಬರಬೇಕು.

ನಯನ


ರಾಮನಗರ
24-8-2003

ಅಪ್ಪನಿಗೆ,

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿದ್ದೆ. ನೀನು ಉತ್ತರವನ್ನು ಟ್ಯಾಂಕರಿನಲ್ಲೇ ತರುತ್ತೀ ಅಂತ ನನಗೇನು ಗೊತ್ತು?

ಆವತ್ತು ಹಮೀದಾ ಅಮ್ಮನ ಅಂಗಳದಲ್ಲಿ ಕೂತಿದ್ದೆ. ಬಾಗಿಲ ಮುಂದೆ ಕಾರ್ಖಾನೆಯ ಜೀಪು ನಿಂತಿತು. ಮುನಿಶಾಮಯ್ಯನವರೇ ಇಳಿದರು. ಮುಖದಲ್ಲಿ ಬೆವರು, ಕಣ್ಣು ಕೈಗಡಿಯಾರದ ಮೇಲೆ. "ಬಾಮ್ಮ ತಾಯಿ, ಬೇಗ ಬಾ. ನಿಮ್ಮಪ್ಪ ಖಾಲಿ ಟ್ಯಾಂಕರ್ ತಂದು ಗೇಟಿಗೆ ಅಡ್ಡ ನಿಲ್ಸವ್ರೆ. ಒಳಗಿನ್ ಗಾಡಿ ಒಳ್ಗೆ, ಹೊರಗಿನ್ ಗಾಡಿ ಹೊರ್ಗೆ. ಕಾಗ್ದ ಇಲ್ದೆ ಗಾಡಿ ಎತ್ತಲ್ಲ ಅಂತವ್ರೆ" ಅಂದರು. ಹೊಸಬ ಬರೆದುಕೊಡಲಿ ಅಂದೆ. "ಬರ್ಕೊಟ್ಟ. 'ಖಾಲಿ' ಅಂತ ಬರ್ದ. ಅದ್ನ ಓದಿ, ಸುಳ್ಳಿಗೆ ನಾನ್ ಡ್ರೈವರ್ ಆಗಲ್ಲ ಅಂದ್ರು ನಿಮ್ಮಪ್ಪ. ಹಿಂದುಗಡೆ ಇನ್ನೂ ಮೂರ್ ಟ್ಯಾಂಕರ್ ಐತೆ, ಅವ್ರೂ ಅದನ್ನೇ ಅಂತವ್ರೆ" ಅಂದರು.

ನಾನು ಬಂದಾಗ ನೀನು ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಚೆಲುವಯ್ಯ ಮಾವನ ಜೊತೆ ಮುದ್ದೆ ಬುತ್ತಿ ಉಣ್ಣುತ್ತಿದ್ದೆ. ಲಾರಿಯವರೆಲ್ಲ ಬೀಡಿ ಹಚ್ಚಿಕೊಂಡು ತಮಾಷೆ ನೋಡುತ್ತಿದ್ದರು. ನನ್ನನ್ನು ಕಂಡು ಗುರುತೇ ಇಲ್ಲದವನ ಹಾಗೆ ಎದ್ದು, ಟವೆಲಿನಲ್ಲಿ ಕೈ ಒರೆಸಿಕೊಂಡು, "ಮೇಡಂ, ಖಾಲಿ ಟ್ಯಾಂಕರ್ಗೆ ಕಾಗ್ದ ಬೇಕಾಗಿತ್ತು" ಅಂದೆಯಲ್ಲ. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ, ಇನ್ನೂ ನೋಯುತ್ತಿದೆ. ನಾನು ಬರೆದುಕೊಟ್ಟದ್ದನ್ನು ನೀನು ಒಂದೊಂದೇ ಸಾಲು ಬೆರಳಿಟ್ಟು ಗಟ್ಟಿಯಾಗಿ ಓದಿದೆ. ಉಳಿದ ಡ್ರೈವರುಗಳು ಸಾಲಾಗಿ ನಿಂತು ಕೇಳಿದರು. ಬನ್ ಸುತ್ತಿಕೊಳ್ಳುತ್ತಿದ್ದವರೇ ಅವರು!

ಮುನಿಶಾಮಯ್ಯನವರು ಅಲ್ಲೇ ನಿಂತು ಕೇಳುತ್ತಿದ್ದರು. ಮಾವಿನಹಣ್ಣು ಚೆಲ್ಲಿದ ದಿನ ಹೆಂಗಸರು ಬರಿಗಾಲಲ್ಲಿ ನಿಂತಿದ್ದದ್ದು ಅವರೂ ಕಂಡವರು. ಸಂಜೆ ಬೆಂಗಳೂರಿಗೆ ಫೋನ್ ಮಾಡಿ, "ಸಾರ್, ಈ ಹುಡುಗಿ ಇದ್ರೆ ಗಾಡಿ ತಡ ಆಗಲ್ಲ, ಇಲ್ದಿದ್ರೆ ಹೊರಡೋದೇ ಇಲ್ಲ" ಅಂದರು. ನಿನ್ನೆ ಖಾಯಂ ಮಾಡಿದ ಆದೇಶ ಕೈಗೆ ಕೊಟ್ಟರು. ಇನ್ನು ಮೇಲೆ ಯಾವ ಟ್ಯಾಂಕರೂ ಈ ಕಾಗದವಿಲ್ಲದೆ ಗೇಟು ದಾಟುವ ಹಾಗಿಲ್ಲ ಅಂತ ನೋಟೀಸ್ ಬೋರ್ಡಿಗೂ ಹಚ್ಚಿದ್ದಾರೆ. ಅದನ್ನು ಮೊದಲು ಅವ್ವನಿಗೆ ಓದಿ ಹೇಳಬೇಕು. ಅವಳ ತಪ್ಪಲೆಯ ಮಾತೇ ಅಲ್ಲಿರುವುದು.

ಆದರೆ ಅಪ್ಪ, ನೀನು ಕಾಗದ ತಗೊಂಡು, ಕ್ಯಾಬಿನ್ ಹತ್ತಿ ಹೊರಟೇಬಿಟ್ಟೆ. ಮಗಳೇ ಅಂತ ಒಂದು ಮಾತೂ ಆಡಲಿಲ್ಲ. ಯಾರಾದರೂ ಮತ್ತೆ 'ಡ್ರೈವರ್ ನಿನ್ನ ತಂದೆ' ಅಂದಾರು ಅಂತ ತಾನೇ? ನನಗೆ ಅರ್ಥವಾಯಿತು. ಆದರೂ ಟ್ಯಾಂಕರು ತಿರುವು ದಾಟುವ ತನಕ ಗೇಟಿನಲ್ಲಿ ನಿಂತು ನೋಡುತ್ತಿದ್ದೆ.

ನಿನ್ನ,
ನಯನ


ಕಡಲೂರು
7-9-2003

ಚಿ. ನಯನಳಿಗೆ ಆಶೀರ್ವಾದ.

ಹನುಮಂತಯ್ಯಣ್ಣ ಊರಿನಿಂದ ಹೇಳಿಕಳಿಸಿದ್ದಾನೆ. ಮುಂದಿನ ಹರಿಸೇವೆಗೆ ಬಾಡಿಗೆ ನೀರಿನ ಟ್ಯಾಂಕರು ಮಾಡಿದ್ದಾನಂತೆ. ಅದನ್ನು ಗೊತ್ತುಮಾಡುವ ಮುಂಚೆ ಅದರ ಡ್ರೈವರನಿಗೆ, "ಮೊದ್ಲು ಇದ್ರೊಳಗೆ ಏನ್ ತುಂಬಿದ್ರಿ? ನಮ್ ನಯನಂಗೆ ತೋರ್ಸಿ ಚೀಟಿ ಬರುಸ್ಕಂಡ್ ಬಾ" ಅಂದನಂತೆ. ನಮ್ ನಯನ! ಹೋದ ಸಲದ ಬಹುಮಾನದ ಮಾತು ಮರೆತಿರಬೇಕು. ಹರಿಸೇವೆಗೆ ನಾನು ಹೋಗುತ್ತೇನೆ, ಮೊದಲ ಪಂಕ್ತಿಯಲ್ಲೇ ಕೂರುತ್ತೇನೆ.

ಕಜ್ಜಾಯದ ಡಬ್ಬಿಯನ್ನು ಚೆಲುವಯ್ಯನ ಕೈಲಿ ಕಳಿಸಿದ್ದೇನೆ. ಅವ್ವನ ಡಬ್ಬಿಯನ್ನು ಬರಿದಾಗಿ ಕಳಿಸುವ ಧೈರ್ಯ ನನಗಿಲ್ಲ. ಕಾಗದವಿಲ್ಲದೆ ಕಳಿಸಿದರೆ ನೀನು ಗೇಟಿನಲ್ಲೇ ನಿಲ್ಲಿಸುತ್ತೀ. ಅದಕ್ಕೇ ಬರೆದಿದ್ದೇನೆ, ನಿನ್ನ ಹಾಗೆ ಮೂರು ಭಾಷೆಯಲ್ಲಿ ಬರುವುದಿಲ್ಲ, ಒಂದರಲ್ಲೇ ಓದಿಕೋ.

ಡಬ್ಬಿ: ನಿನ್ನ ಅವ್ವ ಕೃಷ್ಣಮ್ಮನದು.

ಒಳಗಿರುವುದು: ಇಲ್ಲಿಯ ಗೋಡಂಬಿ. ತಳದಲ್ಲಿ ಉಳಿಕೆ ಇದೆ. ಅದು ಅಪ್ಪನ ಹೆಮ್ಮೆ. ಆವತ್ತು ಗೇಟಿನಲ್ಲಿ ಬಾಯಿಬಿಟ್ಟು ಹೇಳಲಾಗದ್ದು, ಹೆಪ್ಪುಗಟ್ಟಿ ಕೂತಿದೆ. ಯಾವ ಪಂಪಿಗೂ ಬರುವುದಿಲ್ಲ, ತೊಳೆದರೂ ಹೋಗುವುದಿಲ್ಲ.

ಎಚ್ಚರಿಕೆ: ದಾರಿಯಲ್ಲಿ ಮುಚ್ಚಳ ತೆಗೆಯಬಾರದು. ಇದು ಚೆಲುವಯ್ಯನಿಗೆ.

ಎಲ್ಲಿಗೆ: ನೇರವಾಗಿ ರಾಮನಗರಕ್ಕೆ, ನನ್ನ ಮಗಳ ಕೈಗೆ.

ಕಳಿಸಿದವನು: ಕೆಂಪಯ್ಯ, ನಯನಳ ಅಪ್ಪ.

ಹೊಣೆ: ನನ್ನದೇ.